ಸಕ್ರೆಬೈಲಿನ ಆನೆಗಳೂ ಅತ್ತಿಗೆಯ ಗ್ರೀನ್ ಕಾರ್ಡೂ

ಮೆರವಣಿಗೆಯ ಆನೆ ನೋಡಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ತುಂಗೆಯಲ್ಲಿ ಆನೆ ಮಲಗುವುದನ್ನು ನೋಡಬೇಕು. ಅಷ್ಟು ದೊಡ್ಡ ಜೀವ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹಿನ್ನೀರಿಗೆ ಇಳಿಯುತ್ತದೆ. ಮಾವುತನ ಒಂದೇ ಮಾತಿಗೆ ಮಗ್ಗುಲಾಗುತ್ತದೆ. ಸೊಂಡಿಲ ತುದಿಯನ್ನಷ್ಟೇ ನೀರಿನ ಮೇಲೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತದೆ. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದ ನನಗೂ ಆ ನೋಟ ಪ್ರತಿ ಸಲ ಹೊಸದು. ಕಳೆದ ಡಿಸೆಂಬರ್ ರಜೆಯಲ್ಲಿ ಅಣ್ಣನ ಮಗಳು ಅಮೆರಿಕದಿಂದ ಮಕ್ಕಳನ್ನು ಕರೆದುಕೊಂಡು ಬಂದಾಗ, "ಅತ್ತೆ, ಇವರಿಗೆ ಏನಾದರೂ ಮರೆಯದಂಥದ್ದು ತೋರಿಸಬೇಕು" ಅಂದಳು. ನಾನು ಯೋಚಿಸಲೇ ಇಲ್ಲ. ಸಕ್ರೆಬೈಲು ಅಂದೆ.

ಹೊರಟಿದ್ದು ಭದ್ರಾವತಿಯಿಂದ, ಅತ್ತಿಗೆಯ ಮನೆಯಿಂದ. ಬೆಳಗಿನ ಜಾವ ಚಳಿ ಗಡಗಡ ಅನ್ನಿಸುತ್ತಿತ್ತು. ಭದ್ರಾ ನಾಲೆಯ ಅಂಚಿನ ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಉಳಿದಿತ್ತು. ತೋಟದ ಮನೆಗಳ ಕಡೆಯಿಂದ ಅಡಿಕೆ ಬೇಯಿಸುವ ವಾಸನೆ. ಕಬ್ಬಿಣದ ಕಾರ್ಖಾನೆಯ ಗೋಡೆ ಬಂದಾಗ ಅತ್ತಿಗೆ ಎಂದಿನಂತೆ ಕಿಟಕಿಗೆ ಮುಖ ಒಡ್ಡಿದರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಆ ಕಾರ್ಖಾನೆಯಲ್ಲಿ ನಮ್ಮಣ್ಣ ನಿವೃತ್ತಿಯವರೆಗೂ ದುಡಿದ. ಅತ್ತಿಗೆ ಮದುವೆಯಾಗಿ ಬಂದಿಳಿದದ್ದು ಅಲ್ಲಿನ ಕ್ವಾರ್ಟರ್ಸಿಗೆ. ತಮಿಳರು, ತೆಲುಗರು, ಮಲಯಾಳಿಗಳು, ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದು ಭದ್ರಾವತಿಯವರೇ ಆಗಿಹೋದ ಬೀದಿಗಳು ಅವು.

ಶಿವಮೊಗ್ಗ ದಾಟಿ ತೀರ್ಥಹಳ್ಳಿ ರಸ್ತೆ ಹಿಡಿದರೆ ತುಂಗೆ ಜೊತೆಗೇ ಬರುತ್ತಾಳೆ. ಗಾಜನೂರಿನಲ್ಲಿ 22 ಗೇಟುಗಳ ಅಣೆಕಟ್ಟು. ಅದರ ಹಿನ್ನೀರಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಮಕ್ಕಳು ಹಿಂದಿನ ಸೀಟಿನಲ್ಲಿ ಗದ್ದಲ ಮಾಡುತ್ತಿದ್ದರು. ಅತ್ತಿಗೆ ಮಾತ್ರ ಸುಮ್ಮನಿದ್ದರು. ಅವರ ತಲೆಯಲ್ಲಿದ್ದದ್ದು ಜನವರಿಯ ವಿಮಾನ.

ವಿಷಯ ಇಷ್ಟು. ಮಗಳು ಅಮೆರಿಕದ ಪೌರಳಾದ ಮೇಲೆ ಅಮ್ಮನಿಗೆ ಅಲ್ಲಿನ ಕಾಯಂ ವಾಸದ ಗ್ರೀನ್ ಕಾರ್ಡ್ ಮಾಡಿಸಿದಳು. ಅಲ್ಲಿನ ಕಾನೂನಿನಲ್ಲಿ 21 ವರ್ಷ ತುಂಬಿದ ಪೌರರು ತಂದೆ-ತಾಯಿಗೆ ಅರ್ಜಿ ಹಾಕಬಹುದು. ಅದಕ್ಕೆ ಕೋಟಾದ ಸರತಿ ಇಲ್ಲ. ಬರೀ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಆ ಅವಕಾಶ ಇಲ್ಲ. ಅತ್ತಿಗೆ ಒಂದೆರಡು ವರ್ಷ ಅಲ್ಲಿದ್ದರು. ಯುಗಾದಿ ಕಳೆದ ಮೇಲೆ ಅಣ್ಣನ ವರ್ಷಾಬ್ದಿಕಕ್ಕೆ ಅಂತ ಊರಿಗೆ ಬಂದವರಿಗೆ ಮಂಡಿ ನೋವು ಜೋರಾಗಿ ಆಪರೇಷನ್ ಆಯಿತು. ಆರು ತಿಂಗಳು ಎಂದೋ ದಾಟಿತ್ತು. "ಕಾರ್ಡ್ ಹೋಯ್ತಂತೆ ಕಣ್ರೀ, ವಾಕಿಂಗಿಗೆ ಬರೋರೆಲ್ಲ ಹೇಳ್ತಾರೆ" ಎಂದು ನನ್ನ ಹತ್ತಿರ ಒಮ್ಮೆ ಕಣ್ಣಲ್ಲಿ ನೀರು ಹಾಕಿದ್ದರು. ಶಿವಮೊಗ್ಗ, ಭದ್ರಾವತಿಯ ಪಾರ್ಕುಗಳಲ್ಲಿ ಈ ಮಾತು ಕೇಳದ ಬೆಳಗಿಲ್ಲ. ಮಕ್ಕಳು ಹೊರಗಿರುವ ಮನೆಗಳೇ ಎಲ್ಲ. ಒಬ್ಬರು ಆರು ತಿಂಗಳಿಗೊಮ್ಮೆ ಮುಖ ತೋರಿಸಿ ಬಂದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಕಾರ್ಡಿನ ಮೇಲೆ ಹತ್ತು ವರ್ಷ ಅಂತ ಬರೆದಿದೆಯಲ್ಲ, ಅಲ್ಲಿಯವರೆಗೆ ಯಾರು ಕೇಳುತ್ತಾರೆ ಅನ್ನುತ್ತಾರೆ. ಎರಡೂ ತಪ್ಪು.

ಸಕ್ರೆಬೈಲಿನಲ್ಲಿ ಕಾರಿನಿಂದ ಇಳಿದಾಗ ಆನೆಗಳು ಆಗಲೇ ನೀರಿನಲ್ಲಿದ್ದವು. ಶಿವಮೊಗ್ಗದಿಂದ ಹದಿನಾಲ್ಕು ಕಿಲೋಮೀಟರ್ ದೂರದ ಈ ಬಿಡಾರ ಅರಣ್ಯ ಇಲಾಖೆಯದು. ಬೆನ್ನಿಗೆ ಶೆಟ್ಟಿಹಳ್ಳಿ ಅಭಯಾರಣ್ಯ, ಎದುರಿಗೆ ತುಂಗೆಯ ಹಿನ್ನೀರು. ನಾವು ದಂಡೆಗೆ ಹೋದಾಗ ಒಂದು ಹೆಣ್ಣಾನೆ ಮಗ್ಗುಲಾಗಿ ಮಲಗಿತ್ತು. ಕಾವಾಡಿ ಹುಡುಗ ಅದರ ಹೊಟ್ಟೆಯ ಮೇಲೆ ಕುಳಿತು ಕಿವಿಯ ಹಿಂದೆ ಉಜ್ಜುತ್ತಿದ್ದ. ಕಿವಿಯ ಅಂಚಿನಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳು. ರೆಪ್ಪೆಯ ಕೂದಲು ಒಂದೊಂದೂ ನನ್ನ ಕಿರುಬೆರಳಿನಷ್ಟು ಉದ್ದ ಇದ್ದೀತು, ತುದಿಯಲ್ಲಿ ನೀರಿನ ಹನಿ. ಮುಂಗಾಲಿನ ಉಗುರುಗಳನ್ನು ಅವನು ತೆಂಗಿನ ನಾರಿನಿಂದ ತಿಕ್ಕಿದಾಗ ಅವು ಶಂಖದಂತೆ ಬೆಳ್ಳಗಾದವು. ಚಿಕ್ಕವಳು ಎಣಿಸಿದಳು: ಮುಂದಿನ ಕಾಲಿಗೆ ಐದು, ಹಿಂದಿನ ಕಾಲಿಗೆ ನಾಲ್ಕು. ಆಮೇಲೆ ಮಾವುತ "ಬೈಠ್" ಎಂದದ್ದೇ ತಡ, ಆನೆ ಮೊದಲು ಹಿಂಗಾಲು ಮಡಚಿ, ಆಮೇಲೆ ಮುಂಗಾಲು ಚಾಚಿ ಕುಳಿತಿತು. ದಂಡೆಯ ತನಕ ಅಲೆ ಬಂದು ನಮ್ಮ ಚಪ್ಪಲಿ ತೋಯಿಸಿತು. ಆ ಮಗು ನನ್ನ ಸೆರಗು ಬಿಗಿಯಾಗಿ ಹಿಡಿದುಕೊಂಡಿತ್ತು, ಭಯಕ್ಕಲ್ಲ, ಸಂತೋಷಕ್ಕೆ.

ಇಲ್ಲಿನ ಆನೆಗಳಲ್ಲಿ ಹಲವು ಬೇರೆ ಬೇರೆ ಕಾಡುಗಳಲ್ಲಿ ಹುಟ್ಟಿದವು. ಹೊಲ ತೋಟಕ್ಕೆ ನುಗ್ಗಿ, ಸೆರೆಯಾಗಿ, ಕ್ರಾಲ್ ಎನ್ನುವ ದಪ್ಪ ಮರದ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಇದ್ದು ಪಳಗಿದವು. ಬಿಡಾರದಲ್ಲೇ ಹುಟ್ಟಿದ ಮರಿಗಳೂ ಇವೆ. ಸ್ನಾನ ಆಗಿ, ಭತ್ತದ ಹುಲ್ಲಿನಲ್ಲಿ ಸುತ್ತಿದ ಕುಸುರೆ ತಿಂದ ಮೇಲೆ ಮಾವುತರು ಅವನ್ನು ಉದ್ದನೆಯ ಸರಪಳಿಯ ಸಮೇತ ಕಾಡಿಗೆ ಬಿಡುತ್ತಾರೆ. ರಾತ್ರಿಯಿಡೀ ಆನೆ ಮೇಯುತ್ತದೆ. ಕಾಡಿನ ಸಲಗಗಳ ಜೊತೆ ಸೇರುವುದೂ ಉಂಟು. ಬೆಳಗಾದರೆ ಮಾವುತ ನೆಲದ ಮೇಲೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿಕೊಂಡು ಹೋಗುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಅದು ಬರುತ್ತದೆ. "ಬರದಿದ್ರೆ?" ಎಂದು ನಮ್ಮ ಹುಡುಗ ಕೇಳಿದ. "ಒಂದೊಂದ್ಸಲ ದೂರ ಹೋಗ್ತಾವೆ ಮಗಾ. ನಾವು ಬಿಡಲ್ಲ, ಹುಡುಕ್ತೀವಿ. ಜಾಸ್ತಿ ದಿನ ಕಾಡಲ್ಲೇ ಉಳಿದ್ರೆ ಮತ್ತೆ ಕಾಡಿಂದೇ ಆಗಿಬಿಡ್ತದೆ" ಎಂದರು ಮಾವುತರು.

ಆ ಕೊನೆಯ ಮಾತಿಗೆ ಅತ್ತಿಗೆ ಮಗಳ ಮುಖ ನೋಡಿದರು. ಮಗಳಿಗೆ ಅರ್ಥವಾಯಿತು. ದಂಡೆಯ ಕಲ್ಲಿನ ಮೇಲೆ ಅಮ್ಮನ ಪಕ್ಕ ಕುಳಿತು, ಆನೆಗಳನ್ನು ನೋಡುತ್ತಲೇ, ಅವಳು ಅಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ನಾನು ಪಕ್ಕದಲ್ಲಿ ಕುಳಿತು ಬರೆದುಕೊಂಡೆ. ಯಾರಿಗಾದರೂ ಉಪಯೋಗವಾದೀತು ಎಂಬ ಆಸೆಯಿಂದ ಇಲ್ಲಿ ಕೊಡುತ್ತಿದ್ದೇನೆ.

"ಅಮ್ಮ, ನಿಂಗೆ ಕ್ವಾರ್ಟರ್ಸ್ ನೆನಪಿದೆಯಲ್ಲ? ಅಪ್ಪ ಕಾರ್ಖಾನೆಗೆ ಹೋಗ್ತಿರೋವರೆಗೂ ಆ ಮನೆ ನಮ್ದೇ. ಗೋಡೆಗೆ ಮೊಳೆ ಹೊಡೆದ್ವಿ, ಹಿತ್ತಲಲ್ಲಿ ಬಾಳೆ ಹಾಕಿದ್ವಿ. ಆದ್ರೆ ಬೀಗ ಹಾಕ್ಕೊಂಡು ಬೇರೆ ಊರಲ್ಲಿ ಇರ್ತೀವಿ ಅಂದಿದ್ರೆ ಕಂಪನಿ ಒಪ್ಪುತ್ತಿತ್ತಾ? ಗ್ರೀನ್ ಕಾರ್ಡೂ ಹಾಗೇ. ಅಲ್ಲಿ ವಾಸ ಮಾಡೋರಿಗೆ ಅಂತ ಕೊಡೋದು." ಇಷ್ಟು ಹೇಳಿದ್ದಕ್ಕೇ ಅತ್ತಿಗೆಯ ಮುಖ ತಿಳಿಯಾಯಿತು. ವಾಕಿಂಗಿನ ಗೆಳತಿಯರು ತಿಂಗಳುಗಟ್ಟಲೆ ಹೇಳಿದ್ದರಲ್ಲಿ ಈ ಒಂದು ಮಾತು ಇರಲಿಲ್ಲ.

ಕಾರ್ಡಿನ ಮೇಲಿನ ಹತ್ತು ವರ್ಷ ಕಾರ್ಡಿನ ಆಯಸ್ಸು ಮಾತ್ರ. ವಾಸದ ಹಕ್ಕು ನಿಲ್ಲುವುದು ನಿಮ್ಮ ನಿಜವಾದ ಮನೆ ಎಲ್ಲಿದೆ ಎಂಬುದರ ಮೇಲೆ. ಆರು ತಿಂಗಳೊಳಗೆ ಮರಳಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಾಗೆಂದು ವರ್ಷ ವರ್ಷವೂ ಹೆಚ್ಚು ಕಾಲ ಭಾರತದಲ್ಲಿದ್ದು, ನಡುವೆ ಕೆಲವು ವಾರ ಅಲ್ಲಿಗೆ ಹೋಗಿ ಬಂದರೆ ವಿಮಾನ ನಿಲ್ದಾಣದ ಅಧಿಕಾರಿ ನೀವು ವಾಸ ಮಾಡುವುದು ಎಲ್ಲಿ ಎಂದು ಕೇಳಿಯೇ ಕೇಳುತ್ತಾನೆ. 180 ದಿನ ಮೀರಿದವರನ್ನು ಇನ್ನೂ ಬಿಗಿಯಾಗಿ ವಿಚಾರಿಸುತ್ತಾರೆ. ಒಂದು ವರ್ಷ ಮೀರಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲು ಬರುವುದಿಲ್ಲ. ಹೆಚ್ಚು ಕಾಲ ಇರಲೇಬೇಕಾದವರಿಗೆ ರೀ ಎಂಟ್ರಿ ಪರ್ಮಿಟ್ ಇದೆ, ಐ-131 ಅರ್ಜಿ, ಹೆಚ್ಚೆಂದರೆ ಎರಡು ವರ್ಷಕ್ಕೆ ಕೊಡುತ್ತಾರೆ. ಆದರೆ ಅರ್ಜಿ ಹಾಕುವಾಗ ನೀವು ಅಮೆರಿಕದ ನೆಲದ ಮೇಲೇ ಇರಬೇಕು. ಭದ್ರಾವತಿಯಲ್ಲಿ ಕುಳಿತು ಹಾಕಲು ಆಗುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಕಾಯಿಲೆಯೋ, ಕೈಮೀರಿದ ಇನ್ನೇನೋ ಕಾರಣಕ್ಕೆ ವರ್ಷ ದಾಟಿದವರು ಕಾನ್ಸುಲೇಟಿನಲ್ಲಿ ಎಸ್‌ಬಿ-1 ಎಂಬ ಮರಳುವ ನಿವಾಸಿಯ ವೀಸಾ ಕೇಳಬಹುದು. ಅದು ಸುಲಭಕ್ಕೆ ಸಿಗುವುದಿಲ್ಲ, ಕಾರಣಕ್ಕೆ ದಾಖಲೆ ಬೇಕು.

ಅತ್ತಿಗೆಯದು ಆರು ತಿಂಗಳು ಮೀರಿದ, ವರ್ಷ ತುಂಬದ ಪ್ರಕರಣ. ಕಾರ್ಡ್ ಹೋಗಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಫಿಸಿಯೋಥೆರಪಿಯ ಚೀಟಿಗಳು, ಅಲ್ಲಿನ ತೆರಿಗೆ ರಿಟರ್ನ್, ಬ್ಯಾಂಕ್ ಖಾತೆ, ಮಗಳ ಮನೆಯ ವಿಳಾಸವಿರುವ ಪತ್ರಗಳು, ಇವೆಲ್ಲ ಕೈಚೀಲದಲ್ಲಿರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ. ತೆರಿಗೆ ವಿಷಯ ಮುಖ್ಯ. ಗ್ರೀನ್ ಕಾರ್ಡಿನವರು ಅಲ್ಲಿನ ನಿವಾಸಿಯಾಗಿಯೇ ಲೆಕ್ಕ ಕೊಡಬೇಕು, ಇಲ್ಲಿನ ಪಿಂಚಣಿ, ಬಡ್ಡಿ ಎಲ್ಲ ಸೇರಿಸಿ. ಅನಿವಾಸಿ ಎಂದು ಬರೆದುಕೊಟ್ಟರೆ ಕಾರ್ಡ್ ಬಿಟ್ಟುಕೊಟ್ಟಿರಿ ಎನ್ನುವುದಕ್ಕೆ ನೀವೇ ಸಾಕ್ಷಿ ಕೊಟ್ಟಂತೆ. ಇನ್ನೊಂದು: ನಿಲ್ದಾಣದಲ್ಲಿ ಯಾರಾದರೂ ಐ-407 ಎಂಬ ಕಾಗದ ಮುಂದಿಟ್ಟರೆ ಹೆದರಿ ಸಹಿ ಹಾಕಬಾರದು. ಅದು ಕಾರ್ಡನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುವ ಪತ್ರ. ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕು ಕಾರ್ಡುದಾರರಿಗೆ ಇದೆ.

ಅಷ್ಟರಲ್ಲಿ ಒಂದು ಮರಿಯಾನೆ ನೀರಿನಿಂದ ಎದ್ದು ಬಂದು, ದಂಡೆಯ ಕೆಸರಿನಲ್ಲಿ ಹೊರಳಿ, ಈಗಷ್ಟೇ ತೊಳೆದ ಮೈಗೆಲ್ಲ ಮಣ್ಣು ಮೆತ್ತಿಕೊಂಡಿತು. ಕಾವಾಡಿ ತಲೆ ಚಚ್ಚಿಕೊಂಡ. ಜನವೆಲ್ಲ ನಕ್ಕಿತು. ಅತ್ತಿಗೆಯೂ ನಕ್ಕರು, ಎಷ್ಟೋ ದಿನಗಳ ಮೇಲೆ. ನಾನು ಮಕ್ಕಳಿಗೆ 2023ರ ಶಿವಮೊಗ್ಗ ದಸರಾದ ಕಥೆ ಹೇಳಿದೆ. ಇಲ್ಲಿಂದ ಮೆರವಣಿಗೆಗೆ ಅಂತ ಹೋದ ನೇತ್ರಾವತಿ ಎಂಬ ಆನೆ ನಗರದಲ್ಲೇ ಮರಿ ಹಾಕಿತ್ತು. ಊರಿಗೆ ಊರೇ ಬಾಣಂತನದ ಸಂಭ್ರಮದಲ್ಲಿತ್ತು. "ಹಂಗಾದ್ರೆ ಆ ಮರಿ ಶಿವಮೊಗ್ಗ ಸಿಟಿದಾ?" ಎಂದು ಚಿಕ್ಕವಳು ಕೇಳಿದಳು. ಹೌದು ಕಂದಾ ಅಂದೆ.

ಇನ್ನೂ ದೊಡ್ಡ ಬೆರಗಿನ ಸುದ್ದಿ ಹುಡುಗನಿಗೆ ಇಷ್ಟವಾಯಿತು. 2025ರ ಜುಲೈ 24ರಂದು ಬನ್ನೇರುಘಟ್ಟದ ನಾಲ್ಕು ಆನೆಗಳು ಬೆಂಗಳೂರಿನಿಂದ ಜಪಾನಿಗೆ ವಿಮಾನ ಹತ್ತಿದವು. ಸುರೇಶ, ಗೌರಿ, ಶ್ರುತಿ, ತುಳಸಿ. ಪಂಜರದಲ್ಲಿ ನಿಲ್ಲುವುದನ್ನು ಅವಕ್ಕೆ ಮೊದಲೇ ಅಭ್ಯಾಸ ಮಾಡಿಸಿದ್ದರು. ನೋಡಿಕೊಳ್ಳುವವರೂ ಜೊತೆಗೆ ಹೋದರು. ಆನೆಗೂ ದೇಶ ದಾಟಲು ಎರಡೂ ಸರ್ಕಾರಗಳ ಪರವಾನಗಿ ಬೇಕು, ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಕಾಗದ ಬೇಕು. ಹುಡುಗ ಬಹಳ ಹೊತ್ತು ಯೋಚಿಸಿ, "ಅವಕ್ಕೆ ವಾಪಸ್ ಬರೋ ಟಿಕೆಟ್ ಇದೆಯಾ?" ಎಂದ. ಇಲ್ಲ, ಅವು ಜಪಾನಿನ ಹಿಮೇಜಿಯಲ್ಲೇ ಇರುತ್ತವೆ ಎಂದೆ. ಅವನು ಅಜ್ಜಿಯ ಕೈ ಹಿಡಿದುಕೊಂಡ.

ಪೌರತ್ವದ ಮಾತು ಎತ್ತಿದ್ದು ಅತ್ತಿಗೆಯೇ. "ಅದನ್ನೇ ತಗೊಂಡ್ಬಿಟ್ರೆ ಈ ಭಯವೇ ಇರಲ್ವಲ್ಲೇ?" ನಿಜ, ಪೌರರು ಎಷ್ಟು ವರ್ಷ ಹೊರಗಿದ್ದರೂ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿಗೆ ತಲುಪುವ ದಾರಿಯೂ ದಿನಗಳ ಲೆಕ್ಕದ್ದೇ. ಕಾರ್ಡ್ ಬಂದು ಐದು ವರ್ಷ ಆಗಿರಬೇಕು. ಅಮೆರಿಕದ ಪೌರರನ್ನು ಮದುವೆಯಾಗಿ ಒಟ್ಟಿಗೆ ಬಾಳುತ್ತಿರುವವರಿಗೆ ಮೂರು. ಐದು ವರ್ಷದಲ್ಲಿ ಅರ್ಧ, ಅಂದರೆ 30 ತಿಂಗಳು, ಮೈಯೇ ಅಲ್ಲಿರಬೇಕು. ಎನ್-400 ಅರ್ಜಿಯನ್ನು ಐದು ವರ್ಷ ತುಂಬುವ 90 ದಿನ ಮೊದಲೇ ಹಾಕಬಹುದು. ನಡುವೆ ಒಂದೇ ಸಲ ಆರು ತಿಂಗಳು ಮೀರಿ ಹೊರಗಿದ್ದರೆ ಸತತ ವಾಸ ಮುರಿದಿದೆ ಎಂದೇ ಅವರು ಹಿಡಿಯುತ್ತಾರೆ, ಅಲ್ಲ ಎಂದು ತೋರಿಸುವ ಹೊಣೆ ನಮ್ಮದು. ವರ್ಷ ಮೀರಿದರೆ ಮುರಿದೇ ಹೋಗುತ್ತದೆ. ರೀ ಎಂಟ್ರಿ ಪರ್ಮಿಟ್ ಕಾರ್ಡನ್ನು ಕಾಯುತ್ತದೆ, ಪೌರತ್ವದ ಈ ಲೆಕ್ಕವನ್ನು ಕಾಯುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ವರ್ಷಗಟ್ಟಲೆ ಕಳೆದುಕೊಂಡವರಿದ್ದಾರೆ.

ಪೌರತ್ವದ ಪರೀಕ್ಷೆಯ ಭಯವೂ ಇತ್ತು ಅವರಿಗೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ, ಅದರಲ್ಲಿ 20 ಕೇಳುತ್ತಾರೆ, 12 ಸರಿಯಾದರೆ ಪಾಸು. ಇಂಗ್ಲಿಷ್ ಓದಿ ಬರೆದು ತೋರಿಸಬೇಕು. ಆದರೆ 55 ದಾಟಿ, ಕಾರ್ಡ್ ಬಂದು 15 ವರ್ಷ ಅಲ್ಲಿದ್ದವರು, ಇಲ್ಲವೇ 50 ದಾಟಿ 20 ವರ್ಷ ಇದ್ದವರು ಇಂಗ್ಲಿಷ್ ಪರೀಕ್ಷೆ ಕೊಡಬೇಕಿಲ್ಲ. ಇತಿಹಾಸ ಮತ್ತು ಸರ್ಕಾರದ ಪ್ರಶ್ನೆಗಳಿಗೆ ದುಭಾಷಿಯನ್ನು ಕೂರಿಸಿಕೊಂಡು ಕನ್ನಡದಲ್ಲೇ ಉತ್ತರಿಸಬಹುದು. ಮಕ್ಕಳು ಕೆನಡಾದಲ್ಲಿರುವವರಿಗೆ ಲೆಕ್ಕ ಬೇರೆ. ಅಲ್ಲಿ ಐದು ವರ್ಷಕ್ಕೆ 730 ದಿನ ಇದ್ದರೆ ಕಾಯಂ ವಾಸ ಉಳಿಯುತ್ತದೆ, 1095 ದಿನ ಇದ್ದರೆ ಪೌರತ್ವಕ್ಕೆ ಅರ್ಜಿ, 55 ಆದವರಿಗೆ ಪರೀಕ್ಷೆಯೇ ಇಲ್ಲ.

"ಮತ್ತೆ ನಮ್ಮ ಪಾಸ್‌ಪೋರ್ಟು?" ಇದು ಅವರ ಕೊನೆಯ ಪ್ರಶ್ನೆ, ಮೆಲ್ಲಗೆ ಕೇಳಿದರು. ಅದನ್ನು ಒಪ್ಪಿಸಬೇಕು. ನಮ್ಮ ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆ ಎರಡೂ ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಬೇರೆ ದೇಶದ ಪ್ರಮಾಣವಚನ ತೆಗೆದುಕೊಂಡ ಗಳಿಗೆಗೇ ಭಾರತದ ಪೌರತ್ವ ಮುಗಿಯುತ್ತದೆ. ಆಮೇಲೆ 2005ರಲ್ಲಿ ಬಂದ ಓಸಿಐ ಕಾರ್ಡ್ ತೆಗೆದುಕೊಂಡರೆ ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಬಹುದು. ನಮ್ಮ ಮೊಮ್ಮಕ್ಕಳಿಗೆ ಇರುವುದೂ ಅದೇ. 2021ರ ಅಧಿಸೂಚನೆಯ ಪ್ರಕಾರ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಸ್ಮಾರಕಗಳಲ್ಲಿ ಅವರಿಗೂ ಭಾರತೀಯರದೇ ಪ್ರವೇಶ ದರ. ಮತ ಮಾತ್ರ ಇಲ್ಲ. ಅಡಿಕೆ ತೋಟ, ಗದ್ದೆ ಖರೀದಿಸುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಗ್ರೀನ್ ಕಾರ್ಡಿನವರು ಭಾರತದ ಪೌರರಾಗಿಯೇ ಉಳಿಯುತ್ತಾರೆ. ಅನಿವಾಸಿ ಮತದಾರರಾಗಿ ಹೆಸರು ಬರೆಸಿ, ಊರಿಗೆ ಬಂದು ಓಟು ಹಾಕಬಹುದು. ಅಲ್ಲಿನ ಚುನಾವಣೆಯಲ್ಲಿ ಮಾತ್ರ ಮರೆತೂ ಹಾಕಬಾರದು, ಗಡೀಪಾರಿಗೆ ಅದೊಂದೇ ಸಾಕು.

ಅತ್ತಿಗೆ ಓಟಿನ ದಿನ ಹೊಸ ಸೀರೆ ಉಟ್ಟು ಹೊರಡುವವರು. ಈ ಮಾತಿಗೆ ಅವರು ಏನೂ ಹೇಳಲಿಲ್ಲ. ಎದುರಿಗೆ ದೊಡ್ಡ ದಂತದ ಸಲಗವೊಂದು ನೀರು ಚಿಮ್ಮಿಸುತ್ತಾ ಎದ್ದು ನಿಂತಿತು. ಬಿಸಿಲು ಆಗಲೇ ಏರಿತ್ತು, ಆ ಹನಿಗಳಲ್ಲಿ ಒಂದು ಕ್ಷಣ ಕಾಮನಬಿಲ್ಲು ಮೂಡಿತು. ಮಕ್ಕಳು ಕೂಗಿಕೊಂಡರು. ನಾನೂ ಕೂಗಿದೆ.

ಹೊರಗೆ ಬಂದಾಗ ರಸ್ತೆ ಬದಿಯ ಗೂಡಂಗಡಿಯಲ್ಲಿ ಚಹಾ ಕುಡಿದೆವು. ಅಂಗಡಿಯ ಅಜ್ಜಿ ನಮ್ಮ ಮಾತು ಕೇಳಿಸಿಕೊಂಡು, "ನೀವೂ ಊರು ಬಿಟ್ಟೋರಾ? ನಾವು ಮುಳುಗಡೆಯೋರು" ಎಂದರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಶರಾವತಿ ಕಣಿವೆಯ ಊರುಗಳನ್ನು ಎಬ್ಬಿಸಿ ಲಾರಿಗಳಲ್ಲಿ ತಂದು ಈ ಕಾಡುಗಳ ಅಂಚಿಗೆ ಇಳಿಸಿದರು. ನಾಡಿಗೆಲ್ಲ ದೀಪ ಕೊಟ್ಟವರಲ್ಲಿ ಎಷ್ಟೋ ಮಂದಿಗೆ ಇಂದಿಗೂ ಉಳುವ ನೆಲದ ಹಕ್ಕುಪತ್ರ ಸಿಕ್ಕಿಲ್ಲ. ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿದೆ. "ಓಟಿದೆ, ರೇಷನ್ ಕಾರ್ಡಿದೆ, ಆಧಾರ್ ಇದೆ. ಪಹಣಿಯಲ್ಲಿ ಹೆಸರೊಂದಿಲ್ಲ ನೋಡಿ" ಎಂದರು ಅಜ್ಜಿ, ಸಕ್ಕರೆ ಹಾಕುತ್ತಾ. ಈ ನೆಲದ ಪೌರತ್ವದ ಬಗ್ಗೆ ಅವರಿಗೆ ಯಾರೂ ಪ್ರಶ್ನೆ ಕೇಳಿಲ್ಲ. ಆದರೂ ಮನೆಯ ಅಂಗಳ ತಮ್ಮದೆಂದು ತೋರಿಸುವ ಕಾಗದಕ್ಕೆ ಮೂರು ತಲೆಮಾರು ಕಚೇರಿ ಸುತ್ತಿದೆ. ಅಣ್ಣನ ಮಗಳು ಆ ಕಥೆಯನ್ನು ಮೊದಲ ಸಲ ಕೇಳುತ್ತಿದ್ದಳು. ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಡುವೆ ನಿಲ್ಲಿಸಿದಳು, ದನಿ ಕಟ್ಟಿತ್ತು. ಮುಳುಗಡೆಯವರಿಗೆ ಹಕ್ಕುಪತ್ರ ಸಿಗಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ವಾಪಸ್ ಬರುವಾಗ ಅತ್ತಿಗೆ ತಾವೇ ತೀರ್ಮಾನ ಹೇಳಿದರು. ಜನವರಿಯಲ್ಲಿ ಕಾಗದಗಳ ಸಮೇತ ಹೋಗುತ್ತಾರೆ. ಒಂದು ವರ್ಷ ಅಲ್ಲಿ ನಿಂತು ನೋಡುತ್ತಾರೆ. ಮೊಮ್ಮಕ್ಕಳ ಜೊತೆ ಹೊಂದಿಕೊಂಡರೆ ಉಳಿಯುತ್ತಾರೆ. ಇಲ್ಲವಾದರೆ ತಾವಾಗಿಯೇ ಕಾರ್ಡ್ ಒಪ್ಪಿಸಿ, ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿ, ಆಗಾಗ ಹೋಗಿ ಬರುತ್ತಾರೆ. ನನಗೆ ಇದು ಗೌರವದ ದಾರಿ ಅನ್ನಿಸಿತು. ವರ್ಷದ ಬಹುಪಾಲು ಭದ್ರಾವತಿಯಲ್ಲೇ ಇರಬೇಕೆಂದು ಮನಸ್ಸಿದ್ದವರು ಒಂದು ಕಾರ್ಡಿಗಾಗಿ ಪ್ರತಿ ವಿಮಾನ ನಿಲ್ದಾಣದಲ್ಲೂ ಎದೆ ಹಿಡಿದುಕೊಂಡು ನಿಲ್ಲಬೇಕಿಲ್ಲ.

ಹೊರಗಿರುವ ಮಕ್ಕಳಿಗೆ ನನ್ನದೊಂದು ವಿನಂತಿ. ಅಪ್ಪ ಅಮ್ಮನಿಗೆ ಕಾರ್ಡ್ ಮಾಡಿಸುವ ಮೊದಲು ಎದುರಿಗೆ ಕುಳಿತು, ಅದು ಏನು ಕೇಳುತ್ತದೆ, ಏನು ಕೊಡುತ್ತದೆ, ಏನನ್ನು ಬಿಡಬೇಕಾಗುತ್ತದೆ ಎಂದು ಕನ್ನಡದಲ್ಲಿ ಹೇಳಿ. ಊರಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರಬೇಕಾದೀತು ಅನ್ನಿಸಿದರೆ ಅವರು ಅಲ್ಲಿಂದ ವಿಮಾನ ಹತ್ತುವ ಮುಂಚೆಯೇ ವಕೀಲರನ್ನು ಕಂಡು ಪರ್ಮಿಟ್ ಅರ್ಜಿ ಹಾಕಿಸಿ. ನಿಯಮಗಳು ಬದಲಾಗುತ್ತಿರುತ್ತವೆ, ವಾಕಿಂಗಿನ ಮಾತು ನಂಬಿ ಅವರು ನಿದ್ದೆಗೆಡದಿರಲಿ. ಮತ್ತು ರಜೆಗೆ ಬಂದಾಗ ಅವರನ್ನೂ ಮಕ್ಕಳನ್ನೂ ಸಕ್ರೆಬೈಲಿಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಎಂಟೂವರೆಗೇ ಅಲ್ಲಿರಿ, ಹನ್ನೊಂದರ ಮೇಲೆ ಹೋದರೆ ಆನೆಗಳು ಕಾಡಿಗೆ ಹೊರಟಿರುತ್ತವೆ.